ಮಾದಾರನ ಅಂಬಲಿ, ಕುಂಬಾರನ ಮಡಕೆ: ಶರಣಕಥೆಗಳೂ ಸಾಮಾಜಿಕ ನ್ಯಾಯವೂ

೧

ಸಾಮಾಜಿಕ ನ್ಯಾಯವೆಂಬ ಪದ ಈ ಕಾಲದ್ದು. ಅದರ ಆಶಯವಾದರೋ ಹಳೆಯದು. ಮನುಷ್ಯನನ್ನು ಹುಟ್ಟಿನಿಂದ ಅಳೆಯಲಾಗದು, ದುಡಿದು ಬದುಕುವವನ ಘನತೆ ಅರಸನ ಘನತೆಗೆ ಕಡಮೆಯಲ್ಲ ಎಂಬ ತಿಳಿವನ್ನು ಸಮಾಜದಲ್ಲಿ ನೆಲೆಗೊಳಿಸಲು ಮನುಷ್ಯನು ಬಳಸಿದ ಸಾಧನಗಳು ಹಲವು. ಶಾಸನ ಒಂದು, ಉಪದೇಶ ಇನ್ನೊಂದು, ಹೋರಾಟ ಮತ್ತೊಂದು. ಇವುಗಳ ಸಾಲಿನಲ್ಲಿ ಕಥೆಗೂ ಒಂದು ಸ್ಥಾನವುಂಟೆಂದರೆ ಕೆಲವರಿಗೆ ಅದು ಅತಿಶಯೋಕ್ತಿಯೆಂದು ತೋರಬಹುದು. ಕಥೆ ಕೇಳಿ ಮನೆಗೆ ಹೋದವನು ಮರುದಿನವೂ ತನ್ನ ಹಳೆಯ ರೂಢಿಯಲ್ಲಿಯೇ ನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಆದರೆ ಶಾಸನದ ಗತಿಯಾದರೂ ಇದಕ್ಕಿಂತ ಬೇರೆಯೇನಲ್ಲ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅದರ ಆಚರಣೆಯನ್ನು ನಿಷೇಧಿಸಿತು. ಕಾನೂನು ಕೈಯನ್ನು ತಡೆಯಬಲ್ಲದು. ಕಣ್ಣಿನ ನೋಟವನ್ನು ತಿದ್ದುವ ಕೆಲಸ ಅದರಿಂದ ಪೂರ್ತಿಯಾಗಿ ಆಗದು. ಯಾರನ್ನು ನಾವು ದೊಡ್ಡವರೆಂದು ಎಣಿಸುತ್ತೇವೆ, ಯಾರ ದುಃಖಕ್ಕೆ ನಮ್ಮ ಕಣ್ಣು ತೇವವಾಗುತ್ತದೆ, ಯಾರ ಹೆಸರನ್ನು ಮಕ್ಕಳಿಗೆ ಇಡುತ್ತೇವೆ ಎಂಬ ವಿಷಯಗಳು ಶೈಶವದಲ್ಲಿ ಕೇಳಿದ ಕಥೆಗಳಿಂದ ನಿರ್ಧಾರವಾಗುತ್ತವೆ. ಆದುದರಿಂದ ಕಥೆಯ ನಾಯಕನು ಯಾರೆಂಬುದು ಕೇವಲ ಕಾವ್ಯಮೀಮಾಂಸೆಯ ಪ್ರಶ್ನೆಯಲ್ಲ. ಅದು ನ್ಯಾಯದ ಪ್ರಶ್ನೆಯೂ ಹೌದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಶಿವಕವಿಗಳು ಕೊಟ್ಟ ಉತ್ತರವನ್ನೂ ಆ ಉತ್ತರದ ಶಕ್ತಿ ಹಾಗೂ ಮಿತಿಗಳನ್ನೂ ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಹರಿಹರನಿಗಿಂತ ಹಿಂದಿನ ಕನ್ನಡ ಕಾವ್ಯಪರಂಪರೆಯನ್ನು ಒಮ್ಮೆ ಅವಲೋಕಿಸಬೇಕು. ಕ್ರಿ.ಶ. ೯೪೧ರ ಸುಮಾರಿನಲ್ಲಿ ಪಂಪನು ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದಾಗ ಭಾರತದ ಅರ್ಜುನನೊಡನೆ ತನ್ನ ಆಶ್ರಯದಾತನಾದ ಚಾಲುಕ್ಯ ಅರಿಕೇಸರಿಯನ್ನು ಸಮೀಕರಿಸಿದನು. ರನ್ನನ ‘ಗದಾಯುದ್ಧ’ದಲ್ಲಿ ಭೀಮನೊಡನೆ ಸತ್ಯಾಶ್ರಯನು ಏಕವಾದನು. ಇವು ಮಹಾಕಾವ್ಯಗಳು, ಅವುಗಳ ಹಿರಿಮೆಯ ಬಗೆಗೆ ಎರಡು ಮಾತಿಲ್ಲ. ಕುಲದ ಹೆಸರಿನಲ್ಲಿ ಕರ್ಣನಿಗಾದ ಅವಮಾನವನ್ನು ಪಂಪನು ಎಷ್ಟು ಆರ್ದ್ರವಾಗಿ ಕಂಡನೆಂಬುದನ್ನೂ ಸಹೃದಯರು ಬಲ್ಲರು. ಆದರೂ ಕರ್ಣನು ಕೊನೆಗೆ ಕುಂತಿಯ ಮಗನೇ, ರಾಜರಕ್ತವೇ. ಕಾವ್ಯದ ನಡುಮನೆಗೆ ಪ್ರವೇಶವಿದ್ದುದು ಅರಸರಿಗೆ, ತೀರ್ಥಂಕರರಿಗೆ, ದೇವತೆಗಳಿಗೆ. ಕುಂಬಾರನು ಅಲ್ಲಿ ಬಂದರೆ ಉಪಮಾನವಾಗಿ ಬರುತ್ತಿದ್ದನೇ ಹೊರತು ನಾಯಕನಾಗಿ ಅಲ್ಲ.

ಕ್ರಿ.ಶ. ೧೧೬೭-೬೮ರ ಸುಮಾರಿಗೆ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ ಶರಣರು ಚದುರಿದರು. ಅದರಿಂದ ಹೆಚ್ಚು ದೂರವಲ್ಲದ ಕಾಲದಲ್ಲಿ, ೧೨ನೆಯ ಶತಮಾನದ ಕೊನೆ ಮತ್ತು ೧೩ನೆಯ ಶತಮಾನದ ಆದಿಯಲ್ಲಿ, ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ಹರಿಹರನು ಬಾಳಿದನು. ಅವನು ಮೊದಲು ದ್ವಾರಸಮುದ್ರದ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದು, ಮನುಜರ ಲೆಕ್ಕ ಬರೆಯುವ ಕೆಲಸವನ್ನು ತೊರೆದು ಹಂಪೆಗೆ ಬಂದನೆಂದು ಪರಂಪರೆ ಹೇಳುತ್ತದೆ. ‘ಗಿರಿಜಾಕಲ್ಯಾಣ’ವೆಂಬ ಪ್ರೌಢ ಚಂಪೂಕಾವ್ಯವನ್ನು ಬರೆಯಬಲ್ಲ ಸಾಮರ್ಥ್ಯ ಅವನಲ್ಲಿತ್ತು. ಅಂಥವನು ಶಿವಶರಣರ ಚರಿತ್ರೆಗಳಿಗೆ ರಗಳೆಯನ್ನು ಆಯ್ದುಕೊಂಡನು. ಹಿಂದಿನ ಕವಿಗಳು ಚಂಪುವಿನ ನಡುವೆ ಅಲ್ಲಲ್ಲಿ ಅಲಂಕಾರಕ್ಕಾಗಿ ಬಳಸುತ್ತಿದ್ದ ಛಂದಸ್ಸು ಅದು. ಹರಿಹರನು ಅದನ್ನು ಇಡೀ ಕಾವ್ಯವನ್ನೇ ಹೊರುವ ವಾಹನವನ್ನಾಗಿಸಿದನು. ಪಂಡಿತರು ಅವನನ್ನು ರಗಳೆಯ ಕವಿಯೆಂದು ಹಳಿದರೆಂಬ ಐತಿಹ್ಯವೂ ಉಂಟು.

ಈ ಆಯ್ಕೆಯು ಕೇವಲ ಛಂದಸ್ಸಿಗೆ ಸಂಬಂಧಿಸಿದುದಲ್ಲ. ವೃತ್ತ ಮತ್ತು ಕಂದಗಳ ಅಳತೆ ಶ್ರೋತೃವಿನಿಂದ ವಿದ್ವತ್ತನ್ನು ಬೇಡುತ್ತದೆ. ಎರಡೆರಡು ಸಾಲುಗಳಾಗಿ, ಪ್ರಾಸದ ಕೈಹಿಡಿದು, ಎಲ್ಲಿಯೂ ನಿಲ್ಲದೆ ಹರಿಯುವ ರಗಳೆ ಕಿವಿಯನ್ನಷ್ಟೇ ಬೇಡುತ್ತದೆ. ಆಸ್ಥಾನದಿಂದ ಅಂಗಳಕ್ಕೆ ಇಳಿಯಬಯಸಿದ ಕವಿಗೆ ಇದೇ ದಾರಿ. ನಂಬಿಯಣ್ಣ, ಬಸವಣ್ಣ, ಮಹಾದೇವಿಯಕ್ಕರ ಕಥೆಗಳ ಜೊತೆಗೆ ಕುಂಬಾರ ಗುಂಡಯ್ಯನ ಕಥೆಯೂ ಅದೇ ಗೌರವದಿಂದ, ಅದೇ ಉತ್ಸಾಹದಿಂದ ರಗಳೆಗಳಲ್ಲಿ ಬಂದಿತು. ಮನುಜರ ಮೇಲೆ ಕಾವ್ಯ ಕಟ್ಟಲಾರೆನೆಂದ ಕವಿ, ಶಿವಭಕ್ತನಾದ ಮಣ್ಣುಗೈಯ ಮನುಷ್ಯನ ಮೇಲೆ ಕಾವ್ಯ ಕಟ್ಟಿದನು. ರಾಜಸ್ತುತಿಯ ಬಾಗಿಲು ಮುಚ್ಚಿದಾಗಲೇ ದುಡಿಯುವವನ ಸ್ತುತಿಗೆ ಬಾಗಿಲು ತೆರೆಯಿತೆಂಬುದು ಇಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿ.

೩

ಗುಂಡಯ್ಯನ ಕಥೆಯಲ್ಲಿ ಘಟನೆಗಳು ಬಹಳವಿಲ್ಲ. ಭಲ್ಲುಕೆಯೆಂಬ ಊರಿನ ಕುಂಬಾರನವನು, ಸತಿ ಕೇತಲದೇವಿ. ಮಣ್ಣು ಕಲಸುವುದು, ತಿಗುರಿಯಲ್ಲಿ ತಿರುಗಿಸುವುದು, ತಟ್ಟುವುದು, ಸುಡುವುದು ಅವನ ನಿತ್ಯದ ಬಾಳು. ಹರಿಹರನು ಈ ಕೆಲಸವನ್ನೇ ಯೋಗಸಾಧನೆಯ ರೂಪಕವಾಗಿ ಬೆಳೆಸುತ್ತಾನೆ. ಗುಂಡಯ್ಯನು ಮಡಕೆಯನ್ನು ಬಾರಿಸುತ್ತ, ಆ ನಾದದಲ್ಲಿ ಮೈಮರೆತು ಕುಣಿಯುತ್ತಾನೆ. ಆ ನಾದ ಕೈಲಾಸಕ್ಕೆ ಮುಟ್ಟಿ, ನಾಟ್ಯಕ್ಕೆ ಒಡೆಯನಾದ ಶಿವನು ಅಲ್ಲಿ ಕುಳಿತಿರಲಾರದೆ ಕುಂಬಾರನ ಮನೆಗೆ ಇಳಿದು ಬಂದು ಆ ಮಡಕೆಯ ತಾಳಕ್ಕೆ ಕುಣಿಯುತ್ತಾನೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದು, ಗುಂಡಯ್ಯನು ತನ್ನ ಕಸುಬನ್ನು ಬಿಟ್ಟು ತಪಸ್ಸಿಗೆ ಹೋಗುವುದಿಲ್ಲ. ದೇವರನ್ನು ಕರೆತಂದ ವಾದ್ಯ ವೀಣೆಯಲ್ಲ. ಸಂತೆಯಲ್ಲಿ ಮಾರಲು ಮಾಡಿದ ಮಡಕೆ. ಎರಡನೆಯದು, ಕುಂಬಾರನು ದೇವರ ಬಳಿಗೆ ಏರಿ ಹೋಗಲಿಲ್ಲ; ದೇವರೇ ಕುಂಬಾರನ ಅಂಗಳಕ್ಕೆ ಇಳಿದು ಬಂದನು. ಯಾರು ಯಾರ ಬಾಗಿಲಿಗೆ ಹೋಗಬೇಕು ಎಂಬುದು ಜಾತಿಪದ್ಧತಿಯಲ್ಲಿ ಅತ್ಯಂತ ಕಟ್ಟುನಿಟ್ಟಾದ ನಿಯಮ. ಕಥೆಯು ಆ ನಿಯಮವನ್ನು ವಾದಿಸಿ ಖಂಡಿಸಲಿಲ್ಲ. ಸುಮ್ಮನೆ ತಿರುಗಿಸಿ ಹೇಳಿತು.

ಈ ತಿರುವು ಇನ್ನೂ ತೀವ್ರವಾಗಿ ಕಾಣುವುದು ಮಾದಾರ ಚೆನ್ನಯ್ಯನ ಕಥೆಯಲ್ಲಿ. ಬಸವಣ್ಣನವರೇ ತಮ್ಮ ವಚನಗಳಲ್ಲಿ ತಮ್ಮ ಬಂಧುವೆಂದು ಹೇಳಿಕೊಂಡ ಹಿರಿಯ ಶರಣನೀತ. ಚೋಳನಾಡಿನ ಅರಸು ಕರಿಕಾಲ ಚೋಳನು ನಿತ್ಯವೂ ಶಿವನಿಗೆ ಭಕ್ಷ್ಯಭೋಜ್ಯಗಳನ್ನು ಅರ್ಪಿಸುತ್ತಾನೆ. ಅವನ ಲಾಯಕ್ಕೆ ಹುಲ್ಲು ತರುವ ಚೆನ್ನಯ್ಯನು ಯಾರಿಗೂ ತಿಳಿಯದಂತೆ ಶಿವನನ್ನು ಪೂಜಿಸಿ ತನ್ನ ಅಂಬಲಿಯನ್ನು ಅರ್ಪಿಸುತ್ತಾನೆ. ಒಂದು ದಿನ ಶಿವನು ಅರಸನ ನೈವೇದ್ಯವನ್ನು ಮುಟ್ಟುವುದಿಲ್ಲ. ಕಾರಣ ಕೇಳಿದರೆ, ಚೆನ್ನಯ್ಯನ ಅಂಬಲಿಯುಂಡು ತೃಪ್ತನಾಗಿರುವುದಾಗಿ ಹೇಳುತ್ತಾನೆ. ಅರಸನು ಆ ಹುಲ್ಲು ಹೊರುವವನನ್ನು ಹುಡುಕಿಕೊಂಡು ಹೋಗಿ ಅವನ ಕಾಲಿಗೆರಗುತ್ತಾನೆ. ಐತಿಹಾಸಿಕವಾಗಿ ಕರಿಕಾಲನು ತಮಿಳಿನ ಸಂಗಮ ಕಾಲಕ್ಕೆ ಸೇರಿದವನಾದುದರಿಂದ ಇದನ್ನು ಚರಿತ್ರೆಯೆಂದು ಓದಲಾಗದು. ಆದರೆ ಈ ಕಥೆಯನ್ನು ಕೇಳಿ ಒಪ್ಪಿದ ಜನರ ಮನಸ್ಸಿನ ಚರಿತ್ರೆಗೆ ಇದು ನಿಶ್ಚಯವಾಗಿಯೂ ಆಧಾರ.

೪

ಕಥೆಯೊಂದರ ಸಾಮಾಜಿಕ ತೂಕವನ್ನು ತಿಳಿಯಲು ಅದನ್ನು ಅದರ ಸೋದರಕಥೆಯ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯ ಕ್ರಮ. ತಮಿಳಿನಲ್ಲಿ ೧೨ನೆಯ ಶತಮಾನದಲ್ಲಿ ಸೇಕ್ಕಿಳಾರನು ರಚಿಸಿದ ‘ಪೆರಿಯಪುರಾಣಂ’ ಕಾವ್ಯದಲ್ಲಿ ೬೩ ಮಂದಿ ನಾಯನಾರರ ಚರಿತ್ರೆಗಳಿವೆ. ಅವರಲ್ಲೊಬ್ಬನು ಆದನೂರಿನ ನಂದನಾರ್. ಅಸ್ಪೃಶ್ಯಕುಲದಲ್ಲಿ ಹುಟ್ಟಿದ ಈತನು ದೇವಾಲಯದ ಭೇರಿಗಳಿಗೆ ತೊಗಲನ್ನು, ವೀಣೆಗಳಿಗೆ ತಂತಿಯನ್ನು ಒದಗಿಸುತ್ತಿದ್ದನು. ಆ ವಾದ್ಯಗಳು ಮೊಳಗುವ ಗುಡಿಯ ಒಳಕ್ಕೆ ಮಾತ್ರ ಅವನಿಗೆ ಪ್ರವೇಶವಿರಲಿಲ್ಲ. ಚಿದಂಬರಕ್ಕೆ ನಾಳೆ ಹೋಗುವೆನೆಂದು ದಿನದಿನವೂ ಹೇಳುತ್ತಿದ್ದುದರಿಂದ ಅವನಿಗೆ ತಿರುನಾಳೈಪ್ಪೋವಾರ್, ಅಂದರೆ ನಾಳೆ ಹೋಗುವವನು, ಎಂದೇ ಹೆಸರಾಯಿತು. ತಿರುಪ್ಪುಂಕೂರಿನಲ್ಲಿ ಅವನು ಹೊರಗೆ ನಿಂತು ನೋಡಲೆಂದು ನಂದಿ ಪಕ್ಕಕ್ಕೆ ಸರಿಯಿತು. ಚಿದಂಬರದಲ್ಲಿ ಮಾತ್ರ ಅವನು ಅಗ್ನಿಯನ್ನು ಹೊಕ್ಕು, ಹುಟ್ಟಿನ ದೇಹವನ್ನು ನೀಗಿ, ಯಜ್ಞೋಪವೀತಧಾರಿಯಾದ ಮುನಿಯಾಗಿ ಹೊರಬಂದ ಮೇಲೆಯೇ ಗುಡಿಯನ್ನು ಪ್ರವೇಶಿಸಿದನು.

ಎರಡೂ ಭಕ್ತಿಯ ಕಥೆಗಳೇ. ಎರಡರಲ್ಲಿಯೂ ಶಿವನು ಭಕ್ತಪಕ್ಷಪಾತಿಯೇ. ಆದರೂ ಅಂತರ ಸ್ಪಷ್ಟವಾಗಿದೆ. ನಂದನಾರನು ಒಳಗೆ ಬರಲು ತನ್ನ ಹುಟ್ಟನ್ನು ಸುಡಬೇಕಾಯಿತು. ಚೆನ್ನಯ್ಯನು ಕೊನೆಯವರೆಗೂ ಮಾದಾರನಾಗಿಯೇ ಉಳಿದನು. ಅವನ ಅಂಬಲಿ ಅಂಬಲಿಯಾಗಿಯೇ ಉಳಿದು ಪ್ರಸಾದವಾಯಿತು. ಬದಲಾಗಬೇಕಾದವನು ಕೆಳಗಿನವನಲ್ಲ, ಮೇಲೆ ಕುಳಿತವನು ಎಂದು ಹೇಳುವ ಧೈರ್ಯ ಈ ಕಥೆಯಲ್ಲಿದೆ.

ಹಾಗೆಂದು ತಮಿಳು ಕಥೆ ಅಲ್ಲಿಗೇ ನಿಂತುಹೋಯಿತೆಂದು ಭಾವಿಸಬಾರದು. ೧೯ನೆಯ ಶತಮಾನದಲ್ಲಿ ಗೋಪಾಲಕೃಷ್ಣ ಭಾರತಿಯು ‘ನಂದನಾರ್ ಚರಿತ್ತಿರಂ’ ಎಂಬ ಗೇಯಕೃತಿಯನ್ನು ರಚಿಸಿ, ಸೇಕ್ಕಿಳಾರನಲ್ಲಿ ಇಲ್ಲದ ಒಂದು ಪಾತ್ರವನ್ನು ಸೇರಿಸಿದನು. ಅದು ನಂದನ ಒಡೆಯನಾದ ಬ್ರಾಹ್ಮಣ ಭೂಮಾಲಿಕನ ಪಾತ್ರ. ಚಿದಂಬರಕ್ಕೆ ಹೋಗಲು ಅನುಮತಿ ಬೇಡಿದ ಆಳಿಗೆ ಆ ಒಡೆಯನು ನಲವತ್ತು ವೇಲಿ ಭೂಮಿಯ ಕೆಲಸವನ್ನು ಮುಗಿಸಿ ಹೋಗೆಂದು ಅಸಾಧ್ಯವಾದ ಷರತ್ತನ್ನು ಹಾಕುತ್ತಾನೆ. ಗುಡಿಯ ಬಾಗಿಲಿನ ಪ್ರಶ್ನೆ ಇದರಿಂದ ಗದ್ದೆಯ ಬದುವಿನ ಪ್ರಶ್ನೆಯೂ ಆಯಿತು. ಜೀತದಾಳಿನ ಬವಣೆ ಹರಿಕಥೆಯ ವೇದಿಕೆಯನ್ನೇರಿತು. ಮುಂದೆ ಚಲನಚಿತ್ರಗಳಿಗೂ ಬಂದಿತು. ಕಥೆಯೊಂದು ತಲೆಮಾರಿನಿಂದ ತಲೆಮಾರಿಗೆ ಸಾಗುವಾಗ ಆಯಾ ಕಾಲದ ಅನ್ಯಾಯವನ್ನು ತನ್ನೊಳಗೆ ಎಳೆದುಕೊಂಡು ಬೆಳೆಯುವ ಬಗೆಗೆ ಇದೊಂದು ಒಳ್ಳೆಯ ನಿದರ್ಶನ.

೫

ಕವಿಯು ಉದ್ದೇಶಿಸಿದುದಕ್ಕಿಂತ ಹೆಚ್ಚಿನದನ್ನು ಕಥೆಯೇ ಹೇಳಿಬಿಡುವ ಸಂದರ್ಭಗಳೂ ಉಂಟು. ಹರಿಹರನ ಸೋದರಳಿಯನಾದ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬರುವ ಅನಾಮಿಕ ಕನ್ಯೆಯರ ಪ್ರಸಂಗ ಅಂಥದು. ವಿಶ್ವಾಮಿತ್ರನ ಸಂಕಲ್ಪದಿಂದ ಹುಟ್ಟಿದ ಆ ಇಬ್ಬರು ಹೊಲತಿಯರು ಅರಸನ ಮುಂದೆ ಹಾಡಿ ಕುಣಿದು ಅವನನ್ನು ಮೆಚ್ಚಿಸಿ, ತಮ್ಮನ್ನು ವರಿಸಬೇಕೆಂದು ಕೇಳುತ್ತಾರೆ. ಅರಸನು ಕುಲದ ಮಾತನ್ನೆತ್ತಿ ನಿರಾಕರಿಸುತ್ತಾನೆ. ಆಗ ಅವರು ಎತ್ತುವ ವಾದ ನಮ್ಮ ಸಾಹಿತ್ಯದಲ್ಲಿಯೇ ಅಪೂರ್ವವಾದುದು. ನಮ್ಮ ಹಾಡನ್ನು ನಿನ್ನ ಕಿವಿ ಕೇಳಿತು, ನಮ್ಮ ರೂಪನ್ನು ನಿನ್ನ ಕಣ್ಣು ನೋಡಿತು, ನಮ್ಮೊಡನೆ ನಿನ್ನ ನಾಲಗೆ ಮಾತನಾಡಿತು. ಈ ಇಂದ್ರಿಯಗಳಿಗೆಲ್ಲ ತಟ್ಟದ ಮೈಲಿಗೆ ಸ್ಪರ್ಶವೊಂದಕ್ಕೆ ಹೇಗೆ ತಟ್ಟುತ್ತದೆ ಎಂಬುದು ಆ ವಾದದ ತಾತ್ಪರ್ಯ.

ಅರಸನಿಗೆ ಇದಕ್ಕೆ ಉತ್ತರ ಹೊಳೆಯಲಿಲ್ಲ. ಅವನು ಅವರನ್ನು ಹೊಡೆದಟ್ಟಿದನು. ಕಾವ್ಯದ ಕಥಾಸೂತ್ರದಲ್ಲಿ ಇದು ಹರಿಶ್ಚಂದ್ರನ ವ್ರತವನ್ನು ಕೆಡಿಸಲು ಹೂಡಿದ ಹೂಟವೇ ಸರಿ. ಆದರೆ ಹೂಟ ಮರೆತುಹೋಗಿ ಪ್ರಶ್ನೆ ಉಳಿದಿದೆ. ಹಾಡುವವರ ಹಾಡು ಬೇಕು, ಹಾಡುವವರು ಬೇಡ. ಡೊಳ್ಳು ಬೇಕು, ಡೊಳ್ಳಿಗೆ ತೊಗಲು ಹದಮಾಡಿದ ಕೈ ಬೇಡ ಎಂಬ ನಮ್ಮ ಸಮಾಜದ ಒಳವಿರೋಧವನ್ನು ಇಷ್ಟು ನೇರವಾಗಿ ಬಯಲಿಗಿಟ್ಟ ಇನ್ನೊಂದು ಹಳಗಾಲದ ಪ್ರಸಂಗ ದುರ್ಲಭ. ಮುಂದೆ ಅದೇ ಅರಸನು ಸುಡುಗಾಡಿನಲ್ಲಿ ವೀರಬಾಹುಕನ ಆಳಾಗಿ ನಿಲ್ಲಬೇಕಾಗುತ್ತದೆ. ಅಂದು ಮೈಲಿಗೆಯೆಂದು ದೂರವಿಟ್ಟ ಕುಲದ ಅನ್ನವೇ ಅವನ ಸತ್ಯವನ್ನು ಉಳಿಸಿತು.

ಇನ್ನು ಶೂನ್ಯಸಂಪಾದನೆಗಳ ವಿಚಾರ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನು ಚದುರಿ ಹೋಗಿದ್ದ ವಚನಗಳನ್ನು ಸಂವಾದರೂಪದ ಕಥೆಯಲ್ಲಿ ಪೋಣಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಆ ಕಾರ್ಯವನ್ನು ಮುಂದುವರಿಸಿದರು. ಬಿಡಿ ವಚನವೊಂದು ತತ್ತ್ವವನ್ನು ಹೇಳುತ್ತದೆ. ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನು ಕಥೆ ಕಟ್ಟಿಕೊಡುತ್ತದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಸತಿ ಲಕ್ಕಮ್ಮನು ಅದು ಆಸೆಯೆಂದು ಎಚ್ಚರಿಸಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಕಳುಹಿಸಿದ ಪ್ರಸಂಗವನ್ನೇ ನೋಡಬಹುದು. ನೆಲಕ್ಕೆ ಚೆಲ್ಲಿದ ಕಾಳನ್ನು ಆಯ್ದು ಬದುಕುವ ಮನೆಯ ಹೆಣ್ಣುಮಗಳು ಇಲ್ಲಿ ಪತಿಗೆ ಗುರುವಾಗುತ್ತಾಳೆ. ಬಡವರಿಗೆ ದಾನ ಕೊಡಬೇಕೆಂದು ಹೇಳುವ ಕಥೆಗಳು ಎಲ್ಲ ಮತಗಳಲ್ಲಿಯೂ ಇವೆ. ಬಡವಳು ದಾನವನ್ನು ನಿರಾಕರಿಸಿ ತನ್ನ ಘನತೆಯನ್ನು ಸ್ಥಾಪಿಸಿದ ಈ ಕಥೆಯ ತೂಕವೇ ಬೇರೆ.

೬

ಇಷ್ಟು ಹೇಳಿದ ಮೇಲೆ ಕಥೆಯ ಮಿತಿಯನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾದುದು ಕರ್ತವ್ಯ. ಪ್ರೌಢಶಾಲೆಯಲ್ಲಿ ಗುಂಡಯ್ಯನ ರಗಳೆಯನ್ನು ಪಾಠಮಾಡುತ್ತಿದ್ದ ಕಾಲದಲ್ಲಿ ಒಬ್ಬ ವಿದ್ಯಾರ್ಥಿಯು ಎದ್ದು ನಿಂತು, “ಗುರುಗಳೇ, ಶಿವನು ಕುಣಿದು ಹೋದ ಮೇಲೆ ಆ ಊರಿನವರು ಗುಂಡಯ್ಯನ ಮನೆಯಲ್ಲಿ ಊಟಮಾಡಿದರೇ?” ಎಂದು ಕೇಳಿದನು. ತರಗತಿಯ ಹುಡುಗರು ನಕ್ಕರು. ಪ್ರಶ್ನೆ ನಗತಕ್ಕದ್ದಾಗಿರಲಿಲ್ಲ. ಪವಾಡವು ನ್ಯಾಯವನ್ನು ಒಂದು ಕ್ಷಣ ಮಿಂಚಿನಂತೆ ತೋರಿಸುತ್ತದೆ. ಆ ಮಿಂಚಿಗೆ ಕೈಮುಗಿದು ನಾವು ಮತ್ತೆ ಕತ್ತಲಿಗೆ ಹೊಂದಿಕೊಳ್ಳುವ ಅಪಾಯವಿದೆ. ಚೆನ್ನಯ್ಯನು ಶಿವನ ವಿಶೇಷ ಭಕ್ತನಾದುದರಿಂದ ಅವನಿಗೆ ಆ ಮನ್ನಣೆ ಸಂದಿತು, ಉಳಿದವರ ಮಾತು ಬೇರೆ ಎಂದುಕೊಂಡರೆ ಕಥೆ ಬಿಡುಗಡೆಯ ದಾರಿಯಾಗುವ ಬದಲು ವಿನಾಯಿತಿಯ ಪತ್ರವಾಗುತ್ತದೆ. ಶರಣನ ಭಾವಚಿತ್ರಕ್ಕೆ ಹಾರ ಹಾಕಿ, ಅವನ ಕುಲದವರನ್ನು ಅಂಗಳದಲ್ಲಿಯೇ ನಿಲ್ಲಿಸಿದ ಮನೆಗಳು ನಮ್ಮ ನಾಡಿನಲ್ಲಿ ಇರಲಿಲ್ಲವೆಂದು ಎದೆ ಮುಟ್ಟಿ ಹೇಳುವವರು ಯಾರು?

ಈ ಎಚ್ಚರವನ್ನು ನಮಗೆ ಕೊಟ್ಟವರು ಪಂಡಿತರಲ್ಲ, ಜನಪದ ಗಾಯಕರು. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯದಲ್ಲಿ ಕಲ್ಯಾಣವೇ ಪರೀಕ್ಷೆಗೆ ಒಳಗಾಗುತ್ತದೆ. ಮಂಟೇಸ್ವಾಮಿಯು ಯಾರೂ ಹತ್ತಿರ ಸೇರಿಸಲಾರದ ಹೊಲಸು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಶರಣರೆನಿಸಿಕೊಂಡವರೇ ಅವನನ್ನು ತಡೆದು ಹೊರಗಟ್ಟುತ್ತಾರೆ. ಲಾಂಛನ ಧರಿಸಿ ದಾಸೋಹದಲ್ಲಿ ಉಂಡವರಲ್ಲಿ ನಿಜವಾದ ಶರಣರೆಷ್ಟು ಎಂಬುದು ಆಗ ಬಯಲಾಗುತ್ತದೆ. ಬಸವಣ್ಣನು ತಾನೇ ಬಂದು ಆ ಅತಿಥಿಯನ್ನು ಗುರುತಿಸಬೇಕಾಗುತ್ತದೆ. ಈ ಕಾವ್ಯದಿಂದ ಬಸವಣ್ಣನವರ ಹಿರಿಮೆಗೆ ಕುಂದಿಲ್ಲ. ಅವರ ಹೆಸರು ಹೇಳಿಕೊಳ್ಳುವ ನಮ್ಮೆಲ್ಲರ ಮುಂದೆ ಹಿಡಿದ ಕನ್ನಡಿ ಅದು. ಕೆಳಗಿನ ಕುಲಗಳ ಗಾಯಕರು ತಮ್ಮ ನ್ಯಾಯದ ಅಹವಾಲನ್ನು ಅರ್ಜಿಯಾಗಿ ಬರೆಯದೆ ಕಥೆಯಾಗಿ ಹಾಡಿದರು. ಹಾಡಾದುದರಿಂದಲೇ ಅದು ಇಂದಿಗೂ ಉಳಿದಿದೆ.

೭

ಆಧುನಿಕ ಕಾಲದಲ್ಲಿ ಈ ಕಥೆಗಳಿಗೆ ಹೊಸ ಜೀವ ಬಂದ ಬಗೆಯನ್ನು ಸಂಕ್ಷೇಪವಾಗಿ ನೋಡಬಹುದು. ಫ. ಗು. ಹಳಕಟ್ಟಿಯವರು (೧೮೮೦-೧೯೬೪) ಮನೆಮನೆ ತಿರುಗಿ ತಾಡವೋಲೆಗಳನ್ನು ಸಂಗ್ರಹಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಕಥೆಯ ಮೂಲಕ ಹೆಸರಷ್ಟೇ ಕೇಳಿದ್ದ ಶರಣಶರಣೆಯರ ಸ್ವಂತ ಮಾತು ಸಾಮಾನ್ಯ ಓದುಗನಿಗೆ ದೊರೆಯತೊಡಗಿತು. ಮಾತು ದೊರೆತ ಮೇಲೆ ಪವಾಡದ ಮಂಜು ಸರಿದು ಮನುಷ್ಯರು ಕಾಣತೊಡಗಿದರು.

ಆ ಮನುಷ್ಯರನ್ನು ರಂಗಭೂಮಿಯು ಎತ್ತಿಕೊಂಡಿತು. ಪಿ. ಲಂಕೇಶರ ‘ಸಂಕ್ರಾಂತಿ’ (೧೯೭೧), ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ (೧೯೮೬), ಗಿರೀಶ ಕಾರ್ನಾಡರ ‘ತಲೆದಂಡ’ (೧೯೯೦) ನಾಟಕಗಳು ಕಲ್ಯಾಣದ ಘಟನೆಗಳನ್ನು ಬೇರೆಬೇರೆ ಕೋನಗಳಿಂದ ಕಂಡವು. ಹರಳಯ್ಯ ಮಧುವರಸರ ಪ್ರಸಂಗವು ಪುರಾಣಗಳಲ್ಲಿ ಹಂತಹಂತವಾಗಿ ಬೆಳೆದು ಬಂದುದು. ಸಮಗಾರನ ಮಗನಿಗೂ ಬ್ರಾಹ್ಮಣನ ಮಗಳಿಗೂ ನಡೆದ ವಿವಾಹ ಮತ್ತು ಅದಕ್ಕಾಗಿ ತಂದೆಯರು ತೆತ್ತ ಬೆಲೆಯನ್ನು ‘ತಲೆದಂಡ’ವು ಕಥೆಯ ಕೇಂದ್ರದಲ್ಲಿರಿಸಿತು. ಈ ನಾಟಕಗಳ ಎಲ್ಲ ನಿಲುವುಗಳನ್ನು ಭಕ್ತರು ಒಪ್ಪಲೇಬೇಕೆಂದಿಲ್ಲ. ಆದರೆ ಅವು ಪವಾಡವನ್ನು ಬದಿಗಿಟ್ಟು, ದೇವರು ಇಳಿದು ಬಾರದಿದ್ದರೆ ನೀವೇನು ಮಾಡುವಿರಿ ಎಂದು ಪ್ರೇಕ್ಷಕನನ್ನು ಕೇಳಿದವು. ಆ ವಿದ್ಯಾರ್ಥಿಯ ಪ್ರಶ್ನೆಯೂ ಅದೇ ಆಗಿತ್ತು. ಮಠಗಳೂ ಈ ಕಾರ್ಯದಿಂದ ದೂರವುಳಿಯಲಿಲ್ಲ. ಸಾಣೇಹಳ್ಳಿಯಲ್ಲಿ ೧೯೯೭ರಲ್ಲಿ ಆರಂಭವಾದ ‘ಶಿವಸಂಚಾರ’ ರಂಗತಂಡವು ಊರೂರಿಗೆ ನಾಟಕಗಳನ್ನು ಕೊಂಡೊಯ್ದುದು, ಆಸ್ಥಾನದಿಂದ ಅಂಗಳಕ್ಕೆ ಇಳಿದ ಹರಿಹರನ ರಗಳೆಯ ದಾರಿಯಲ್ಲಿಯೇ ನಡೆದ ಕೆಲಸ.

೮

ಈ ಅವಲೋಕನದಿಂದ ತಿಳಿದುಬರುವುದಿಷ್ಟು. ಕಥೆಯಾಗಲಿ ಕಲೆಯಾಗಲಿ ತಾನಾಗಿಯೇ ನ್ಯಾಯವನ್ನು ಸ್ಥಾಪಿಸಲಾರದು. ಅದು ಮೊದಲು ನಾಯಕನ ಪೀಠದಲ್ಲಿ ಕುಂಬಾರನನ್ನು, ಮಾದಾರನನ್ನು, ಅಕ್ಕಿ ಆಯುವ ಮನೆಯ ಹೆಣ್ಣುಮಗಳನ್ನು ಕುಳ್ಳಿರಿಸಿತು. ಅವರ ಹಿರಿಮೆಯನ್ನು ಒಪ್ಪಿದ ಕೇಳುಗನ ಮನಸ್ಸಿನಲ್ಲಿ ಅವನ ನಡೆಗೂ ಒಪ್ಪಿಗೆಗೂ ನಡುವೆ ಒಂದು ಜಗಳವನ್ನು ಹುಟ್ಟಿಸಿತು. ಆ ಜಗಳ ಆರದಂತೆ ಕಥೆಯನ್ನು ಮರಳಿ ಮರಳಿ ಹೇಳುವುದು ಪ್ರವಚನಕಾರರ, ಉಪಾಧ್ಯಾಯರ, ಕಲಾವಿದರ ಹೊಣೆ. ಜಗಳವನ್ನು ನಡೆಯಲ್ಲಿ ತೀರಿಸುವುದು ಕೇಳಿದವರ ಹೊಣೆ.

ಆದುದರಿಂದ ಶರಣರ ಜಯಂತಿಗಳಲ್ಲಿ, ಶ್ರಾವಣಮಾಸದ ಪ್ರವಚನಗಳಲ್ಲಿ ಚೆನ್ನಯ್ಯನ ಕಥೆ ಹೇಳುವಾಗ ಅವನು ಹೊತ್ತ ಹುಲ್ಲಿನ ಹೊರೆಯನ್ನೂ ಹೇಳಬೇಕು. ಗುಂಡಯ್ಯನ ಕಥೆ ಹೇಳುವಾಗ ಸುಟ್ಟ ಮಡಕೆ ಸಂತೆಯಲ್ಲಿ ಏನು ಬೆಲೆಗೆ ಹೋಗುತ್ತಿತ್ತೆಂದು ಮಕ್ಕಳು ಕೇಳಿದರೆ ಆ ಪ್ರಶ್ನೆಯನ್ನೂ ಗೌರವಿಸಬೇಕು. ಅರಸನು ಚೆನ್ನಯ್ಯನ ಮನೆಯ ಬಾಗಿಲಿಗೆ ಹೋದನೆಂದು ಕಥೆ ಹೇಳುತ್ತದೆ. ಹೇಳಿ ಮುಗಿಸಿದ ಮೇಲೆ ನಮ್ಮ ಊರಿನಲ್ಲಿ ಆ ಮನೆ ಯಾವ ಕೇರಿಯಲ್ಲಿದೆ, ನಾವು ಕೊನೆಯ ಸಲ ಅಲ್ಲಿಗೆ ಹೋದುದು ಎಂದು, ಹೋದಾಗ ಏನನ್ನು ಉಂಡು ಬಂದೆವು ಎಂದು ಪ್ರತಿಯೊಬ್ಬರೂ ತಮ್ಮನ್ನೇ ಕೇಳಿಕೊಳ್ಳತಕ್ಕದ್ದು.